‘ಕಾರಂತ’ ಎಂದರೆ ಯಾವ ಕಾರಂತ? ಗ್ರಂಥಾಲಯದ ಕಂಪ್ಯೂಟರಿಗೆ ಅರ್ಥ ತಿಳಿಸುವುದು ಹೇಗೆ

“ನೆಟ್‌ನಲ್ಲಿ ಹುಡುಕಿದೆ, ಸಿಗಲಿಲ್ಲ. ಅಂದ್ರೆ ಅಂಥ ಪುಸ್ತಕವೇ ಇಲ್ಲ.” ಈ ಮಾತನ್ನು ನೀವು ಕೇಳಿರುತ್ತೀರಿ. ವಾಟ್ಸ್ಆ್ಯಪ್ ಗುಂಪಿನ ಜಗಳದಲ್ಲಿ ನೀವೇ ಹೇಳಿರಲೂಬಹುದು. ನಾವೂ ಹೇಳಿದ್ದೇವೆ. ಇದಕ್ಕೊಂದು ಅವಳಿ ಮಾತಿದೆ: “ಲೈಬ್ರರಿ ಕಂಪ್ಯೂಟರಿನಲ್ಲಿ ಹೆಸರು ಹಾಕಿ ನೋಡಿದೆ, ಇಲ್ಲ ಅಂತ ಬಂತು.” ಎರಡೂ ಸಲ ಪುಸ್ತಕ ಕಪಾಟಿನಲ್ಲಿ ಧೂಳು ಹಿಡಿದು ಕೂತಿರುವ ಸಾಧ್ಯತೆ ಇದ್ದೇ ಇದೆ. ಕಂಪ್ಯೂಟರ್ ‘ಇಲ್ಲ’ ಎಂದಾಗ ಅದು ಪುಸ್ತಕದ ಬಗ್ಗೆ ಏನನ್ನೂ ಹೇಳುತ್ತಿಲ್ಲ. ನೀವು ಒತ್ತಿದ ಅಕ್ಷರಗಳು ತನ್ನ ಬಳಿ ಇರುವ ಅಕ್ಷರಗಳಿಗೆ ಹೊಂದಲಿಲ್ಲ ಎಂದಷ್ಟೇ ಹೇಳುತ್ತಿದೆ.

ಅಕ್ಷರ ಹೊಂದಿಸುವುದು ಬೇರೆ, ಅರ್ಥ ತಿಳಿಯುವುದು ಬೇರೆ. 2021ರ ಜೂನ್ ತಿಂಗಳು ನಿಮಗೆ ನೆನಪಿರಬಹುದು. ಭಾರತದ ಅತಿ ಕುರೂಪಿ ಭಾಷೆ ಯಾವುದು ಎಂದು ಇಂಗ್ಲಿಷ್‌ನಲ್ಲಿ ಕೇಳಿದರೆ ಗೂಗಲ್ ‘ಕನ್ನಡ’ ಎಂದು ತೋರಿಸಿತು. ಊರೆಲ್ಲ ರೇಗಿತು, ಕಂಪನಿ ಕ್ಷಮೆ ಕೇಳಿತು. ಗೂಗಲ್‌ಗೆ ಕನ್ನಡದ ಮೇಲೆ ದ್ವೇಷವೇನೂ ಇರಲಿಲ್ಲ. ಪ್ರಶ್ನೆಯ ಪದಗಳಿಗೆ ಹೊಂದುವ ಸಾಲೊಂದು ಯಾವುದೋ ಜಾಲತಾಣದಲ್ಲಿತ್ತು, ಯಂತ್ರ ಅದನ್ನು ಎತ್ತಿ ಉತ್ತರದ ಜಾಗದಲ್ಲಿ ಇಟ್ಟಿತು. ಭಾಷೆ ಎಂದರೇನು, ಕುರೂಪ ಎಂದರೇನು, ಇವೆರಡನ್ನು ಸೇರಿಸಿ ಕೇಳುವುದೇ ಅಸಂಬದ್ಧ ಎಂಬುದೆಲ್ಲ ಅದರ ಅಳವಿಗೆ ಮೀರಿದ್ದು.

ಗ್ರಂಥಾಲಯದ ಕಂಪ್ಯೂಟರ್‌ಗಳ ಪಾಡು ಇದಕ್ಕಿಂತ ಕಷ್ಟದ್ದು. ಅದನ್ನು ಸರಿಪಡಿಸಲು ಜಗತ್ತಿನ ಕೆಲವು ದೊಡ್ಡ ಗ್ರಂಥಾಲಯಗಳು ‘ಸೆಮ್ಯಾಂಟಿಕ್ ವೆಬ್’ ಎಂಬ ತಂತ್ರದ ಮೊರೆ ಹೋಗಿವೆ. ಹೆಸರು ಭಾರವಾಗಿದೆ, ಒಳಗಿರುವ ವಿಚಾರ ಸರಳ.

ಚೋಮನ ದುಡಿ ಯಾರದ್ದು?

‘ಚೋಮನ ದುಡಿ’ ಕಾದಂಬರಿ ಬಂದದ್ದು 1933ರಲ್ಲಿ. ಬರೆದವರು ಕಾರಂತರು. ‘ಚೋಮನ ದುಡಿ’ ಸಿನಿಮಾ ಬಂದದ್ದು 1975ರಲ್ಲಿ. ನಿರ್ದೇಶಿಸಿದವರು ಕಾರಂತರು.

ಕನ್ನಡಿಗರಿಗೆ ಇದರಲ್ಲಿ ಗೊಂದಲವಿಲ್ಲ. ಮೊದಲನೆಯವರು ಕೋಟ ಶಿವರಾಮ ಕಾರಂತರು, ಎರಡನೆಯವರು ರಂಗಕರ್ಮಿ ಬಿ.ವಿ. ಕಾರಂತರು. ಆದರೆ ಕಂಪ್ಯೂಟರಿನ ಕಣ್ಣಿನಿಂದ ನೋಡಿ: ಹೆಸರು ಒಂದೇ, ಕೃತಿ ಒಂದೇ, ಊರು ಸುಮಾರು ಒಂದೇ ಕಡೆಯದು, ಇಬ್ಬರಿಗೂ ನಾಟಕದ ನಂಟು. ಇದು ಸಾಲದೆಂಬಂತೆ ಹುಲಿಗಳ ಬಗ್ಗೆ ಬರೆದ ಕೆ. ಉಲ್ಲಾಸ ಕಾರಂತರಿದ್ದಾರೆ. ಅವರು ಶಿವರಾಮ ಕಾರಂತರ ಮಗ, ಹೆಸರಿನ ಮುಂದಿನ ‘ಕೆ’ ಕೂಡ ತಂದೆಯದ್ದೇ. ತಂದೆಯೂ ವಿಜ್ಞಾನದ ಪುಸ್ತಕ ಬರೆದವರು. ‘ಕೆ. ಕಾರಂತ, ವಿಜ್ಞಾನ’ ಎಂದು ಹುಡುಕಿದರೆ ಯಂತ್ರ ಯಾರನ್ನು ಕೊಡಬೇಕು?

ಇದು ಒಂದೇ ಹೆಸರಿನ ಹಲವರ ತೊಂದರೆ. ಒಬ್ಬರಿಗೇ ಹಲವು ಹೆಸರಿರುವ ತೊಂದರೆ ಇನ್ನೂ ದೊಡ್ಡದು. ಅಂಬಿಕಾತನಯದತ್ತ ಎಂದರೂ ದ.ರಾ. ಬೇಂದ್ರೆ ಎಂದರೂ ಒಬ್ಬರೇ. ಕುವೆಂಪು, ಪುಟ್ಟಪ್ಪ, ಶ್ರೀನಿವಾಸ, ಮಾಸ್ತಿ, ತ್ರಿವೇಣಿ, ಅನಸೂಯಾ ಶಂಕರ್. ಕನ್ನಡ ಸಾಹಿತ್ಯದಲ್ಲಿ ಕಾವ್ಯನಾಮ ಇಲ್ಲದವರನ್ನು ಹುಡುಕುವುದೇ ಸುಲಭವೇನೋ.

ಇವು ಕನ್ನಡ ಲಿಪಿಯಲ್ಲಿ ಬರೆದಾಗಿನ ತೊಡಕುಗಳು. ನಮ್ಮ ಎಷ್ಟೋ ಗ್ರಂಥಾಲಯಗಳ ಕಂಪ್ಯೂಟರಿನಲ್ಲಿ ಕನ್ನಡ ಪುಸ್ತಕದ ಹೆಸರೂ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ. ಆಗ ಏನಾಗುತ್ತದೆ ಎಂದು ನಾವೇ ಲೆಕ್ಕ ಹಾಕಿ ನೋಡಿದೆವು. ‘ಶಿವರಾಮ’ದ ಮೊದಲಲ್ಲಿ ಬರೀ ಎಸ್ ಬರೆಯುವವರಿದ್ದಾರೆ, ಎಸ್ ಮತ್ತು ಎಚ್ ಬರೆಯುವವರಿದ್ದಾರೆ. ಕೊನೆಗೆ ‘ಎ’ ಹಾಕುವವರು ಮತ್ತು ಬಿಡುವವರು. ಅಲ್ಲಿಗೆ ನಾಲ್ಕು ರೂಪ. ‘ಕಾರಂತ’ದ ಕೊನೆಯಲ್ಲಿ ಟಿ ಮಾತ್ರವೇ, ಟಿ ಜೊತೆ ಎಚ್ ಕೂಡವೇ, ಅದರ ಮೇಲೊಂದು ‘ಎ’ ಬೇಕೇ ಬೇಡವೇ? ಮತ್ತೆ ನಾಲ್ಕು. ಒಟ್ಟು 16. ‘ಕೆ’ ಇದ್ದರೆ ಒಂದು, ಇಲ್ಲದಿದ್ದರೆ ಒಂದು: 32. ಹೆಸರನ್ನು ತಿರುಗಿಸಿ ‘ಕಾರಂತ, ಶಿವರಾಮ’ ಎಂದು ಬರೆಯುವ ಪದ್ಧತಿಯೂ ಸೇರಿದರೆ 64. ಜ್ಞಾನಪೀಠ ಪಡೆದ ಒಬ್ಬ ಲೇಖಕರನ್ನು ಒಂದೇ ಭಾಷೆಯ ಅಕ್ಷರಗಳಲ್ಲಿ 64 ರೀತಿ ಬರೆಯಬಹುದು, ಒಂದೂ ತಪ್ಪಲ್ಲ!

ಕನ್ನಡ ಲಿಪಿಯಲ್ಲೇ ನಮೂದಿಸಿದರೂ ಕಾಟ ತಪ್ಪುವುದಿಲ್ಲ. ‘ಮೂರ್ತಿ’ ಮತ್ತು ‘ಮೂರ‍್ತಿ’ ಎರಡನ್ನೂ ನೀವು ಒಂದೇ ಎಂದು ಓದುತ್ತೀರಿ. ಕಂಪ್ಯೂಟರಿಗೆ ಅವು ಬೇರೆ ಬೇರೆ ಪದ, ಏಕೆಂದರೆ ಎರಡನೆಯದರ ಒಳಗೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಇದೆ. ಯೂನಿಕೋಡ್ ಬರುವ ಮುಂಚಿನ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ದಾಖಲೆಗಳಂತೂ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ.

ಕಾರ್ಡಿನ ಕಾಲದ ಬುದ್ಧಿ

ಈ ಸ್ಥಿತಿಗೆ ಕಾರಣ ಗ್ರಂಥಪಾಲಕರ ಅಸಡ್ಡೆ ಅಲ್ಲ. ಕ್ಯಾಟಲಾಗ್ ಹುಟ್ಟಿದ್ದೇ ಮನುಷ್ಯರು ಓದಲಿ ಎಂದು. ಮರದ ಡ್ರಾಯರ್‌ಗಳಲ್ಲಿ ಜೋಡಿಸಿಟ್ಟ ದಪ್ಪ ಕಾಗದದ ಕಾರ್ಡುಗಳನ್ನು ಹಿರಿಯ ಓದುಗರು ಬೆರಳಾಡಿಸಿ ಹುಡುಕಿರುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ಎಂಬ ಪ್ರೋಗ್ರಾಮರ್ ಈ ಕಾರ್ಡಿನ ವಿವರಗಳನ್ನು ಕಂಪ್ಯೂಟರಿಗೆ ಹಾಕುವ ವಿಧಾನ ರೂಪಿಸಿದರು. ಅದರ ಹೆಸರು ಮಾರ್ಕ್. ಇವತ್ತಿಗೂ ಜಗತ್ತಿನ ಬಹುಪಾಲು ಗ್ರಂಥಾಲಯಗಳು ನಡೆಯುತ್ತಿರುವುದು ಇದರ ಮೇಲೆಯೇ. ಅರವತ್ತು ವರ್ಷ ಬಾಳಿದ ತಂತ್ರಾಂಶದ ಮಾದರಿ ಬೇರೆ ಯಾವುದಿದೆ ಹೇಳಿ!

ಮಾರ್ಕ್‌ನಲ್ಲಿ ಪ್ರತಿ ವಿವರಕ್ಕೂ ಒಂದು ಸಂಖ್ಯೆಯ ಮನೆ. 100ರಲ್ಲಿ ಮುಖ್ಯ ಲೇಖಕರು, 245ರಲ್ಲಿ ಶೀರ್ಷಿಕೆ, 650ರಲ್ಲಿ ವಿಷಯ. ಆದರೆ ಮನೆಯೊಳಗೆ ಇರುವುದು ಬರೀ ಅಕ್ಷರ. ‘ಇದು ಕಾರಂತರ ಕಾದಂಬರಿ ಆಧರಿಸಿದ ಸಿನಿಮಾ’ ಎಂಬ ಮಾತು ಸಾಮಾನ್ಯವಾಗಿ 500ನೇ ಮನೆಯಲ್ಲಿ ಒಂದು ಟಿಪ್ಪಣಿಯಾಗಿ ಕೂತಿರುತ್ತದೆ. ನೀವು ಓದಿದರೆ ತಿಳಿಯುತ್ತದೆ. ಯಂತ್ರಕ್ಕೆ ಅದು ಉದ್ದದ ಒಂದು ಸಾಲು, ಅಷ್ಟೇ.

ನಿಮ್ಮ ಫೋನಿನಲ್ಲೇ ಇದೆ ಉತ್ತರ

ನಿಮ್ಮ ಮೊಬೈಲಿನ ಕಾಂಟ್ಯಾಕ್ಟ್ ಪಟ್ಟಿ ತೆರೆಯಿರಿ. ‘ಮಂಜು ಪ್ಲಂಬರ್’, ‘ಮಂಜು ಆಫೀಸ್’, ‘ಮಂಜಣ್ಣ ಹೊಸದು’ ಹೀಗೆ ಮೂವರಿರಬಹುದು. ನೀವು ‘ಮಂಜಣ್ಣ’ ಎಂದು ಉಳಿಸಿಕೊಂಡವರನ್ನು ನಿಮ್ಮ ಹೆಂಡತಿ ‘ಮಾವ’ ಎಂದೂ ನಿಮ್ಮ ಮಗಳು ‘ತಾತ’ ಎಂದೂ ಉಳಿಸಿಕೊಂಡಿರಬಹುದು. ಆದರೂ ಕರೆ ತಪ್ಪಿ ಹೋಗುವುದಿಲ್ಲ. ಏಕೆಂದರೆ ಫೋನು ಕರೆ ಮಾಡುವುದು ಹೆಸರಿಗಲ್ಲ, ನಂಬರಿಗೆ. ಹೆಸರು ನಮ್ಮ ಅನುಕೂಲಕ್ಕೆ, ಗುರುತು ನಂಬರಿಗೆ.

ಸೆಮ್ಯಾಂಟಿಕ್ ವೆಬ್ ಮಾಡುವುದು ಇದನ್ನೇ. ವ್ಯಕ್ತಿ, ಕೃತಿ, ಊರು, ವಿಷಯ, ಎಲ್ಲಕ್ಕೂ ಒಂದೊಂದು ಖಾಯಂ ಗುರುತು. ಆ ಗುರುತು ಒಂದು ವೆಬ್ ವಿಳಾಸದ ರೂಪದಲ್ಲಿರುತ್ತದೆ. ಆಮೇಲೆ ಈ ಗುರುತುಗಳ ನಡುವೆ ಸಣ್ಣ ಸಣ್ಣ ವಾಕ್ಯಗಳು. ಪ್ರತಿ ವಾಕ್ಯಕ್ಕೂ ಮೂರೇ ಅಂಗ:

ಚೋಮನ ದುಡಿ (ಕಾದಂಬರಿ) — ಬರೆದವರು — ಶಿವರಾಮ ಕಾರಂತ.
ಚೋಮನ ದುಡಿ (ಸಿನಿಮಾ) — ಆಧಾರ — ಚೋಮನ ದುಡಿ (ಕಾದಂಬರಿ).
ಚೋಮನ ದುಡಿ (ಸಿನಿಮಾ) — ನಿರ್ದೇಶಕರು — ಬಿ.ವಿ. ಕಾರಂತ.

ಇಲ್ಲಿ ನಾವು ಹೆಸರು ಬರೆದಿದ್ದೇವೆ. ನಿಜವಾದ ದಾಖಲೆಯಲ್ಲಿ ಪ್ರತಿ ಹೆಸರಿನ ಜಾಗದಲ್ಲೂ ಆ ಗುರುತಿನ ವಿಳಾಸ ಇರುತ್ತದೆ. ‘ಬರೆದವರು’, ‘ಆಧಾರ’ ಎಂಬ ಸಂಬಂಧಗಳಿಗೂ ವಿಳಾಸ ಉಂಟು. ಹೀಗೆ ಬರೆಯುವ ಕ್ರಮಕ್ಕೆ ಆರ್‌ಡಿಎಫ್ ಎನ್ನುತ್ತಾರೆ, 1999ರಲ್ಲಿ ಅದು ವೆಬ್‌ನ ಮಾನದಂಡವಾಯಿತು. 2001ರಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಇಬ್ಬರು ಸಹಲೇಖಕರೊಂದಿಗೆ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಸೆಮ್ಯಾಂಟಿಕ್ ವೆಬ್ ಎಂಬ ಹೆಸರು ಜನಪ್ರಿಯವಾಯಿತು.

ಇದರ ನಿಜವಾದ ಬಲ ಎಲ್ಲಿದೆ ಎಂದರೆ, ವಾಕ್ಯಗಳೆಲ್ಲ ಒಂದೇ ಕಂಪ್ಯೂಟರಿನಲ್ಲಿ ಇರಬೇಕಾಗಿಲ್ಲ. ಕಾದಂಬರಿಯ ವಿವರ ಮೈಸೂರಿನ ಒಂದು ಗ್ರಂಥಾಲಯದಲ್ಲಿ, ಸಿನಿಮಾದ ವಿವರ ಪುಣೆಯ ಒಂದು ಸಂಗ್ರಹದಲ್ಲಿ, ಇಂಗ್ಲಿಷ್ ಅನುವಾದದ ವಿವರ ಲಂಡನ್ನಿನಲ್ಲಿ ಇದ್ದರೂ ಎಲ್ಲರೂ ಒಂದೇ ಗುರುತು ಬಳಸಿದರೆ ಅವು ತಾವಾಗಿ ಕೂಡಿಕೊಳ್ಳುತ್ತವೆ. ಆಗ ‘ಕನ್ನಡ ಕಾದಂಬರಿ ಆಧರಿಸಿ 1980ರೊಳಗೆ ಬಂದ ಸಿನಿಮಾಗಳು ಯಾವುವು, ಆ ಕಾದಂಬರಿಗಳಲ್ಲಿ ನಮ್ಮ ಜಿಲ್ಲಾ ಗ್ರಂಥಾಲಯದಲ್ಲಿ ಯಾವುವು ಇವೆ’ ಎಂದು ಕೇಳಬಹುದು. ತ್ರಿವೇಣಿಯವರ ‘ಬೆಳ್ಳಿ ಮೋಡ’ ಬರುತ್ತದೆ, ಅದರ ಜೊತೆ ಪುಟ್ಟಣ್ಣ ಕಣಗಾಲರ 1967ರ ಚಿತ್ರ ಬರುತ್ತದೆ. ತ್ರಿವೇಣಿ ಸಂಗಮದ ಪ್ರವಾಸ ಕಥನ ಬರುವುದಿಲ್ಲ.

ಸಂಸ್ಕಾರ ಒಂದೋ, ಹತ್ತೋ?

ಗ್ರಂಥಾಲಯದವರು ಬಹಳ ತಲೆ ಕೆಡಿಸಿಕೊಂಡಿರುವ ಇನ್ನೊಂದು ಪ್ರಶ್ನೆ ಇದೆ. ‘ಸಂಸ್ಕಾರ ಪುಸ್ತಕ ಇದೆಯಾ?’ ಎಂದು ನೀವು ಕೇಳಿದಾಗ ‘ಪುಸ್ತಕ’ ಎಂದರೆ ಏನು?

ಯು.ಆರ್. ಅನಂತಮೂರ್ತಿಯವರ ಮನಸ್ಸಿನಿಂದ ಬಂದ ಕೃತಿ ಒಂದು. ಅದರ ಕನ್ನಡ ಪಠ್ಯ ಒಂದು ರೂಪ, ಎ.ಕೆ. ರಾಮಾನುಜನ್ 1976ರಲ್ಲಿ ಕೊಟ್ಟ ಇಂಗ್ಲಿಷ್ ಅನುವಾದ ಇನ್ನೊಂದು ರೂಪ. ಕನ್ನಡ ಪಠ್ಯಕ್ಕೇ 1965ರ ಮೊದಲ ಮುದ್ರಣದಿಂದ ಹಿಡಿದು ಹಲವು ಮುದ್ರಣಗಳು. ಆ ಮುದ್ರಣದ ಒಂದು ಪ್ರತಿ, ಮೂಲೆ ಮಡಚಿದ್ದು, ನಿಮ್ಮ ಊರಿನ ಕಪಾಟಿನಲ್ಲಿ. ಕೃತಿ, ರೂಪ, ಮುದ್ರಣ, ಪ್ರತಿ: ಈ ನಾಲ್ಕು ಮೆಟ್ಟಿಲುಗಳ ಮಾದರಿಯನ್ನು ಅಂತಾರಾಷ್ಟ್ರೀಯ ಗ್ರಂಥಾಲಯ ಒಕ್ಕೂಟ 1998ರಲ್ಲಿ ಪ್ರಕಟಿಸಿತು. ಹಳೆಯ ಕ್ಯಾಟಲಾಗ್‌ನಲ್ಲಿ ಇವೆಲ್ಲ ಒಂದೇ ಕಾರ್ಡಿನಲ್ಲಿ ಕಲಸಿಹೋಗಿವೆ. ಅದಕ್ಕೇ ಹುಡುಕಿದಾಗ ಒಂದೇ ಕಾದಂಬರಿ ಹತ್ತು ಬಾರಿ ಬರುತ್ತದೆ, ನಡುನಡುವೆ ಷೋಡಶ ಸಂಸ್ಕಾರದ ಪೂಜಾವಿಧಿ, ಅಂತ್ಯಸಂಸ್ಕಾರದ ಮಂತ್ರಗಳ ಪುಸ್ತಕವೂ ಇಣುಕುತ್ತವೆ. ಇಂಗ್ಲಿಷ್ ಅನುವಾದ ಓದಿ ಇಷ್ಟಪಟ್ಟ ಹೊರನಾಡ ಕನ್ನಡಿಗರ ಮಕ್ಕಳಿಗೆ ಮೂಲ ಕನ್ನಡ ಪ್ರತಿ ಎಲ್ಲಿದೆ, 1970ರ ಸಿನಿಮಾ ಯಾವುದು ಎಂದು ತೋರಿಸುವ ದಾರಿ ಅಲ್ಲಿ ಇಲ್ಲ.

ಮಾರ್ಕ್ ಜಾಗಕ್ಕೆ ತರಲೆಂದು ಲೈಬ್ರರಿ ಆಫ್ ಕಾಂಗ್ರೆಸ್ ರೂಪಿಸುತ್ತಿರುವ ‘ಬಿಬ್‌ಫ್ರೇಮ್’ ಕೂಡ ಇಂಥದೇ ಮೆಟ್ಟಿಲುಗಳನ್ನು ಬಳಸುತ್ತದೆ, ಅಲ್ಲಿ ಅವು ಮೂರು. 2011ರಲ್ಲಿ ಶುರುವಾದ ಕೆಲಸ, ಇನ್ನೂ ನಡೆಯುತ್ತಿದೆ.

ಯಾರಾದರೂ ಮಾಡಿ ತೋರಿಸಿದ್ದಾರೆಯೇ?

ಹೌದು. ಸ್ವೀಡನ್ನಿನ ಗ್ರಂಥಾಲಯಗಳ ಒಕ್ಕೂಟ ಕ್ಯಾಟಲಾಗ್ ‘ಲಿಬ್ರಿಸ್’ 2008ರಲ್ಲೇ ತನ್ನ ದಾಖಲೆಗಳನ್ನು ಈ ರೀತಿ ವೆಬ್‌ಗೆ ತೆರೆದಿಟ್ಟಿತು, 2018ರಲ್ಲಿ ಇಡೀ ವ್ಯವಸ್ಥೆಯನ್ನೇ ಇದಕ್ಕೆ ಬದಲಾಯಿಸಿತು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ 2011ರಲ್ಲಿ ತೆರೆದ ತಾಣದಲ್ಲಿ ಒಬ್ಬ ಲೇಖಕರ ಪುಟ ತೆರೆದರೆ ಅವರ ಪುಸ್ತಕ, ಹಸ್ತಪ್ರತಿ, ಸ್ಕ್ಯಾನ್ ಮಾಡಿದ ಪ್ರತಿ ಎಲ್ಲ ಒಂದೇ ಕಡೆ ಸಿಗುತ್ತವೆ. ಮುಂಚೆ ಇವು ಬೇರೆ ಬೇರೆ ಪಟ್ಟಿಗಳಲ್ಲಿ ಹಂಚಿಹೋಗಿದ್ದವು.

ಲೇಖಕರ ಹೆಸರಿನ ಗೋಜಲು ಬಿಡಿಸಲು ‘ವಿಐಎಎಫ್’ ಎಂಬ ಅಂತಾರಾಷ್ಟ್ರೀಯ ಪಟ್ಟಿ ಇದೆ. ಬೇರೆ ಬೇರೆ ದೇಶದ ರಾಷ್ಟ್ರೀಯ ಗ್ರಂಥಾಲಯಗಳು ಒಬ್ಬರನ್ನೇ ಯಾವ ಯಾವ ಹೆಸರಿನಲ್ಲಿ ದಾಖಲಿಸಿವೆ ಎಂಬುದನ್ನು ಅದು ಒಂದೇ ನಂಬರಿನಡಿ ತರುತ್ತದೆ. ಅದರ ಜೊತೆಗೆ 2012ರಲ್ಲಿ ಹುಟ್ಟಿದ ‘ವಿಕಿಡೇಟಾ’. ಇಲ್ಲಿ ಪ್ರತಿ ಸಂಗತಿಗೂ ‘ಕ್ಯೂ’ ಅಕ್ಷರದಿಂದ ಶುರುವಾಗುವ ಸಂಖ್ಯೆ. ಇಂಗ್ಲಿಷ್ ಹಾಸ್ಯ ಲೇಖಕ ಡಗ್ಲಸ್ ಆ್ಯಡಮ್ಸ್‌ಗೆ ಕ್ಯೂ42 ಕೊಟ್ಟಿದ್ದಾರೆ, ಅವರ ಕಾದಂಬರಿಯಲ್ಲಿ 42 ಎಂಬುದು ಬದುಕಿನ ಪರಮ ಪ್ರಶ್ನೆಗೆ ಉತ್ತರ! ಒಂದು ಸಂಖ್ಯೆಯಡಿ ಕನ್ನಡ, ತಮಿಳು, ಜಪಾನಿ ಯಾವ ಭಾಷೆಯ ಹೆಸರನ್ನೂ ಸೇರಿಸಬಹುದು, ಯಾರು ಬೇಕಾದರೂ ಸೇರಿಸಬಹುದು. ನೀವು ಮೊಬೈಲಿನಿಂದಲೇ ಮಾಡಬಹುದು.

ಇದರ ಬೇರಿನ ಒಂದು ಎಳೆ ಬೆಂಗಳೂರಿಗೂ ಬರುತ್ತದೆ. ಗಣಿತದ ಮೇಷ್ಟರಾಗಿದ್ದು ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ 1933ರಲ್ಲಿ ‘ಕೋಲನ್ ವರ್ಗೀಕರಣ’ ಪ್ರಕಟಿಸಿದರು. ಅದುವರೆಗೆ ಒಂದು ಪುಸ್ತಕಕ್ಕೆ ಒಂದು ವಿಷಯದ ಗೂಡು ಹುಡುಕುತ್ತಿದ್ದರು. ರಂಗನಾಥನ್ ವಿಷಯವನ್ನು ಬಿಡಿಸಿ ನೋಡಿದರು. ‘1970ರ ದಶಕದಲ್ಲಿ ಕರ್ನಾಟಕದಲ್ಲಿ ಭತ್ತದ ಬೆಂಕಿ ರೋಗದ ನಿಯಂತ್ರಣ’ ಎಂಬ ಪುಸ್ತಕವಿದ್ದರೆ ಬೆಳೆ ಒಂದು ಮುಖ, ರೋಗ ಒಂದು, ಅದಕ್ಕೆ ಮಾಡುವ ಕೆಲಸ ಒಂದು, ಜಾಗ ಒಂದು, ಕಾಲ ಒಂದು. ಪ್ರತಿಯೊಂದಕ್ಕೂ ಸಂಕೇತ ಕೊಟ್ಟು ಜೋಡಿಸುವುದು. ಆಗ ಯಾವ ಮುಖದಿಂದ ಬಂದರೂ ಪುಸ್ತಕ ಸಿಗಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದು ಕೈಬರಹದಲ್ಲಿ ಭಾರವಾಯಿತು, ಹೆಚ್ಚು ಗ್ರಂಥಾಲಯಗಳು ಇದನ್ನು ಹಿಡಿಯಲಿಲ್ಲ. ಇವತ್ತು ನೀವು ಆನ್‌ಲೈನ್ ಅಂಗಡಿಯಲ್ಲಿ ಬೆಲೆ, ಬಣ್ಣ, ಅಳತೆ ಆರಿಸಿ ಚಪ್ಪಲಿ ಹುಡುಕುವಾಗ ಇದೇ ಬಗೆಯ ಉಪಾಯವನ್ನು ಬಳಸುತ್ತಿದ್ದೀರಿ. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಈಗಲೂ ಗ್ರಂಥಾಲಯ ವಿಜ್ಞಾನ ಕಲಿಸುತ್ತಿದೆ.

ಹಾಗಾದರೆ ಇದು ಎಐ ತಾನೇ? ಪಿಡಿಎಫ್ ಸಿಗುತ್ತಾ?

ನಾವು ಈ ವಿಷಯ ಎತ್ತಿದಾಗಲೆಲ್ಲ ಬರುವ ಪ್ರಶ್ನೆಗಳು ಇವು. ಎರಡಕ್ಕೂ ಉತ್ತರ ಇಲ್ಲ ಎಂದೇ.

ಎಐ ಚಾಟ್ ಆ್ಯಪ್‌ಗಳು ಕೋಟ್ಯಂತರ ವಾಕ್ಯ ಓದಿ ಮುಂದಿನ ಪದ ಯಾವುದಿರಬಹುದು ಎಂದು ಊಹಿಸುತ್ತವೆ. ಊಹೆ ಸೊಗಸಾಗಿರುತ್ತದೆ, ಕೆಲವೊಮ್ಮೆ ಇಲ್ಲದ ಪುಸ್ತಕದ ಹೆಸರನ್ನೂ ಪ್ರಕಾಶಕರ ಸಮೇತ ಹೇಳಿಬಿಡುತ್ತವೆ. ಸೆಮ್ಯಾಂಟಿಕ್ ವೆಬ್ ಊಹಿಸುವುದಿಲ್ಲ. ಯಾರೋ ಒಬ್ಬರು ದಾಖಲಿಸಿದ ಸಂಬಂಧವನ್ನು ಮಾತ್ರ ತೋರಿಸುತ್ತದೆ, ದಾಖಲಿಸದೇ ಇದ್ದರೆ ಸುಮ್ಮನಿರುತ್ತದೆ. ಹೊರಗಿನಿಂದ ನೋಡಿದರೆ ಪೆದ್ದು. ನಮಗೆ ಆ ಪೆದ್ದುತನವೇ ಹಿಡಿಸಿದೆ. ‘ಈ ಸತ್ಯವನ್ನು ಇಂಥ ಲೇಖಕರು ಇಂಥ ಪುಸ್ತಕದಲ್ಲಿ ಬರೆದಿದ್ದಾರೆ, ಆದರೆ ಮುಚ್ಚಿಟ್ಟಿದ್ದಾರೆ’ ಎಂಬ ಫಾರ್ವರ್ಡ್ ಬಂದಾಗ, ಆ ಹೆಸರಿನ ಪುಸ್ತಕವೇ ಆ ಲೇಖಕರಿಂದ ಬಂದಿದೆಯೇ, ಯಾವ ವರ್ಷ, ಯಾವ ಗ್ರಂಥಾಲಯದಲ್ಲಿದೆ ಎಂದು ನೋಡಲು ಇಂಥ ಕ್ಯಾಟಲಾಗ್ ಬೇಕು. ಒಳಗೆ ಆ ಸಾಲು ಇದೆಯೇ ಎಂಬುದನ್ನು ಕ್ಯಾಟಲಾಗ್ ಹೇಳಲಾರದು, ಅದಕ್ಕೆ ಪುಸ್ತಕವನ್ನೇ ತೆರೆಯಬೇಕು.

ಪಿಡಿಎಫ್ ವಿಷಯವೂ ಹೀಗೆಯೇ. ಇದು ಪುಸ್ತಕದ ಬಗೆಗಿನ ಮಾಹಿತಿ, ಪುಸ್ತಕವಲ್ಲ. ಕೃತಿಸ್ವಾಮ್ಯ ಇದ್ದ ಪುಸ್ತಕಕ್ಕೆ ಕೃತಿಸ್ವಾಮ್ಯ ಇದ್ದೇ ಇರುತ್ತದೆ. ಅದೇ ರೀತಿ ‘ಎಲ್ಲ ಪುಸ್ತಕ ಸ್ಕ್ಯಾನ್ ಮಾಡಿದರೆ ಸಾಕು, ಕ್ಯಾಟಲಾಗ್ ಯಾಕೆ’ ಎನ್ನುವುದೂ ತಪ್ಪು. ಹೆಸರೇ ತಪ್ಪಾಗಿ ಹಾಕಿ ಸ್ಕ್ಯಾನ್ ಮಾಡಿಟ್ಟ ಪುಸ್ತಕ ಕಪಾಟಿನಲ್ಲಿ ಕಳೆದುಹೋದ ಪುಸ್ತಕದಷ್ಟೇ ಕಳೆದುಹೋಗಿರುತ್ತದೆ. ಕಪಾಟಿನದ್ದಾದರೆ ಯಾರಾದರೂ ಎಡವಿಯಾದರೂ ಕಂಡಾರು.

ತಪ್ಪು ಕೊಂಡಿಯೂ ಫಾರ್ವರ್ಡ್ ಆಗುತ್ತದೆ

ಇದರ ಅಪಾಯವನ್ನೂ ಹೇಳಬೇಕು. ಹಳೆಯ ಕಾರ್ಡಿನಲ್ಲಿ ಒಬ್ಬರು ತಪ್ಪು ಮಾಡಿದರೆ ಆ ಒಂದು ಡ್ರಾಯರ್ ಕೆಡುತ್ತಿತ್ತು. ಜೋಡಿಸಿದ ಜಾಲದಲ್ಲಿ ಯಾರೋ ಇಬ್ಬರು ಕಾರಂತರನ್ನು ಒಂದೇ ಗುರುತಿಗೆ ಸೇರಿಸಿಬಿಟ್ಟರೆ, ಆ ಗುರುತನ್ನು ನಂಬಿದ ಎಲ್ಲ ಕಡೆಯೂ ನಾಟಕದವರ ಕೃತಿಗಳು ಕಾದಂಬರಿಕಾರರ ಪಟ್ಟಿಗೆ ಸೇರುತ್ತವೆ. ಹುಡುಕುತಾಣದ ಪಕ್ಕದ ಪೆಟ್ಟಿಗೆಯಲ್ಲಿ ಬರುತ್ತದೆ, ಅಲ್ಲಿಂದ ಸ್ಕ್ರೀನ್‌ಶಾಟ್ ಆಗುತ್ತದೆ, ಅಲ್ಲಿಂದ ನಮ್ಮ ನಿಮ್ಮ ಗುಂಪಿಗೆ. ಒಂದೇ ಹೆಸರಿನವರ ಭಾವಚಿತ್ರಗಳು ಅದಲುಬದಲಾಗುವುದು ಇಂಥದೇ ಬೆರಕೆಯಿಂದ.

ಎರಡನೆಯದು, ವಿಳಾಸ ಬಾಳಬೇಕು. ಸರ್ವರ್ ನಿಂತರೆ ಅಥವಾ ತಾಣದ ಹೆಸರು ಬದಲಾದರೆ ಅದನ್ನು ನಂಬಿದ ಕೊಂಡಿಗಳೆಲ್ಲ ಗಾಳಿಗೆ. ಯೋಜನೆಯ ಹಣ ಇರುವಷ್ಟು ದಿನ ಮಾತ್ರ ನಡೆಯುವ ತಾಣಗಳನ್ನು ನಾವೆಲ್ಲ ಕಂಡಿದ್ದೇವೆ.

ಮೂರನೆಯದೇ ನಮಗೆ ದೊಡ್ಡದಾಗಿ ಕಾಣುವುದು: ಕೆಲಸ ಮಾಡುವ ಕೈ. ಅನಸೂಯಾ ಶಂಕರ್ ಮತ್ತು ತ್ರಿವೇಣಿ ಒಬ್ಬರೇ ಎಂದು ಯಂತ್ರಕ್ಕೆ ತಾನಾಗಿ ಹೊಳೆಯುವುದಿಲ್ಲ. ಕನ್ನಡ ಬಲ್ಲ ಒಬ್ಬರು ಕೂತು ಹೇಳಬೇಕು. ಹೆಸರಾಂತರಿಗೆ ಯಾರಾದರೂ ಹೇಳಿಯಾರು. ಐವತ್ತರ ದಶಕದಲ್ಲಿ ಎರಡು ಕಾದಂಬರಿ ಬರೆದು, ಮದುವೆಯಾಗಿ ಹೆಸರು ಬದಲಾಗಿ, ಮೂರನೆಯದನ್ನು ಗಂಡನ ಹೆಸರು ಸೇರಿಸಿ ಪ್ರಕಟಿಸಿದ ಲೇಖಕಿಯನ್ನು ಯೋಚಿಸಿ. ಕ್ಯಾಟಲಾಗ್‌ನಲ್ಲಿ ಆಕೆ ಇಬ್ಬರು. ಆಕೆಯನ್ನು ಬಲ್ಲ ಹಿರಿಯ ಗ್ರಂಥಪಾಲಕರು ನಿವೃತ್ತರಾದ ಮೇಲೆ ಈ ಇಬ್ಬರೂ ಒಬ್ಬರೇ ಎಂದು ಹೇಳುವವರು ಯಾರೂ ಉಳಿಯುವುದಿಲ್ಲ. ಒಬ್ಬರಿಗೇ ಎಲ್ಲ ಜವಾಬ್ದಾರಿ ಹೊರಿಸಿದ ಸಣ್ಣ ಗ್ರಂಥಾಲಯಗಳಿಂದ ಈ ಕೆಲಸವನ್ನು ನಿರೀಕ್ಷಿಸುವುದೂ ನ್ಯಾಯವಲ್ಲ.

ನಿಮ್ಮ ಊರಿನ ಗ್ರಂಥಾಲಯಕ್ಕೆ ಇದೆಲ್ಲ ಬರುವ ತನಕ ಹುಡುಕುವಾಗ ಒಂದೇ ಸಲಕ್ಕೆ ಕೈಬಿಡಬೇಡಿ. ಲೇಖಕರ ಹೆಸರಿನ ಇನಿಷಿಯಲ್ ತೆಗೆದು ನೋಡಿ. ಇಂಗ್ಲಿಷ್‌ನಲ್ಲಾದರೆ ‘ಎಚ್’ ಸೇರಿಸಿ, ತೆಗೆದು, ಕೊನೆಯ ‘ಎ’ ಬಿಟ್ಟು ನೋಡಿ. ಕಾವ್ಯನಾಮ ಬಿಟ್ಟು ನಿಜನಾಮ ಹಾಕಿ. ಲೇಖಕರಿಂದ ಸಿಗದಿದ್ದರೆ ಶೀರ್ಷಿಕೆಯ ಒಂದೇ ಒಂದು ಪದ, ಒತ್ತಕ್ಷರ ಇಲ್ಲದ್ದು, ಒತ್ತಿ ನೋಡಿ. ಅಷ್ಟರಲ್ಲೂ ಸಿಗದಿದ್ದರೆ ಕೌಂಟರಿನಲ್ಲಿ ಕೂತವರನ್ನು ಕೇಳಿ, ಅವರಿಗೆ ಯಾವ ಕಾರಂತರು ಎಂದು ಬಿಡಿಸಿ ಹೇಳಬೇಕಾಗುವುದಿಲ್ಲ.